ಪುಸ್ತಕ ಮುಚ್ಚಿದ ಮೇಲಿನ ಓದು

ಸಂಜೆ ದೀಪ ಹಚ್ಚುವ ಹೊತ್ತಿಗೆ ನಿಮ್ಮ ಮನೆಯಲ್ಲಿ ಮಗನೋ ಮಗಳೋ ಪುಸ್ತಕ ಹಿಡಿದು ಕುಳಿತಿರಬಹುದು. ಓದುವ ದನಿ ಅಡಿಗೆಮನೆಯವರೆಗೂ ಕೇಳುತ್ತಿದ್ದರೆ ತಾಯಿಗೆ ನೆಮ್ಮದಿ. ದನಿ ನಿಂತಿತೆಂದರೆ, "ಏನೋ, ಸದ್ದೇ ಇಲ್ಲ?" ಎಂದು ಒಳಗಿನಿಂದಲೇ ಪ್ರಶ್ನೆ. ಮಕ್ಕಳ ಓದನ್ನು ನಾವು ಅಳೆಯುವುದು ಹೀಗೆ: ದನಿಯಿಂದ, ಗಡಿಯಾರದಿಂದ. ಈ ಅಳತೆಗೋಲು ಸರಿಯೇ ಎಂಬುದನ್ನು ನಿಮ್ಮೊಡನೆ ಕೊಂಚ ವಿಚಾರಮಾಡಬೇಕೆಂದು ನನ್ನ ಆಸೆ.

ಕೆಲವು ವರ್ಷಗಳ ಹಿಂದೆ ನನ್ನ ತರಗತಿಯಲ್ಲಿ ಒಬ್ಬ ಹುಡುಗನಿದ್ದ, ವಿನಯವಂತ. ದಿನವೂ ರಾತ್ರಿ ಹತ್ತೂವರೆಯವರೆಗೆ ಓದುತ್ತಾನೆಂದು ಅವನ ತಂದೆ ಹೇಳುತ್ತಿದ್ದರು. ಅದು ಸುಳ್ಳಾಗಿರಲಿಲ್ಲ. ಆದರೂ ಅರ್ಧವಾರ್ಷಿಕ ಪರೀಕ್ಷೆಯಲ್ಲಿ ಮೂರು ವಿಷಯಗಳಲ್ಲಿ ನಪಾಸಾದ. ನಾನು ಅವನ ಪ್ರಗತಿಪತ್ರದಲ್ಲಿ "ಇನ್ನೂ ಹೆಚ್ಚು ಓದಬೇಕು" ಎಂದು ಬರೆದು ನನ್ನ ಕೆಲಸ ಮುಗಿಯಿತೆಂದುಕೊಂಡೆ. ತಂದೆ ಹತ್ತೂವರೆಯನ್ನು ಹನ್ನೆರಡು ಮಾಡಿದರು. ಮುಂದಿನ ಪರೀಕ್ಷೆಯಲ್ಲಿ ಅಂಕಗಳು ಮತ್ತಷ್ಟು ಇಳಿದವು. ಆಗ ಹುಡುಗನನ್ನು ಪಕ್ಕದಲ್ಲಿ ಕೂಡಿಸಿಕೊಂಡು, "ಓದಿದ ಮೇಲೆ ಪುಸ್ತಕ ಮುಚ್ಚಿ ಹೇಳಿ ನೋಡಿಕೊಳ್ಳುತ್ತೀಯೇನಪ್ಪ?" ಎಂದು ಕೇಳಿದೆ. ಅವನು ಬೆರಗಾಗಿ, "ಮುಚ್ಚಿದರೆ ಓದುವುದು ಹೇಗೆ ಸಾರ್?" ಎಂದ. ತಪ್ಪು ಅವನದಲ್ಲ, ನನ್ನದು ಎಂದು ಅಂದು ತಿಳಿಯಿತು. ಹೆಚ್ಚು ಓದೆಂದು ಹೇಳಿದ್ದೆನೇ ಹೊರತು ಹೇಗೆ ಓದಬೇಕೆಂದು ಹೇಳಿಕೊಟ್ಟಿರಲಿಲ್ಲ.

ಒಂದೇ ಪಾಠವನ್ನು ಎರಡನೆಯ ಸಲ, ಮೂರನೆಯ ಸಲ ಓದುವಾಗ ನಾಲಗೆ ಸರಾಗವಾಗಿ ಹರಿಯುತ್ತದೆ. ಎಲ್ಲವೂ ಬಂದಿತೆಂಬ ಭಾವನೆ ಹುಟ್ಟುತ್ತದೆ. ಇದು ಪರಿಚಯವೇ ಹೊರತು ಸ್ಮರಣೆಯಲ್ಲ. ಸಂತೆಯಲ್ಲಿ ಎದುರಾದವರ ಮುಖ ಗುರುತು ಸಿಕ್ಕರೂ ಹೆಸರು ನೆನಪಾಗದೆ ನಾವು ತೊಳಲುವುದುಂಟಷ್ಟೆ. ಪರೀಕ್ಷೆ ಕೇಳುವುದು ಹೆಸರನ್ನು.

ಈ ವ್ಯತ್ಯಾಸವನ್ನು 2006ರಲ್ಲಿ ಅಮೆರಿಕದ ರೋಡಿಗರ್ ಮತ್ತು ಕಾರ್ಪಿಕಿ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು ಅಳೆದು ತೋರಿಸಿದರು. ವಿದ್ಯಾರ್ಥಿಗಳಿಗೆ ಎರಡು ಸಣ್ಣ ಪಾಠಗಳನ್ನು ಕೊಟ್ಟರು: ಒಂದು ಸೂರ್ಯನ ವಿಷಯ, ಇನ್ನೊಂದು ಕಡಲ ನೀರುನಾಯಿಯ ವಿಷಯ. ಒಂದನ್ನು ಎರಡು ಸಲ ಓದಿಸಿದರು; ಇನ್ನೊಂದನ್ನು ಒಮ್ಮೆ ಮಾತ್ರ ಓದಿಸಿ, ನೆನಪಿದ್ದಷ್ಟನ್ನು ನೋಡದೆ ಬರೆಸಿದರು. 5 ನಿಮಿಷದ ಬಳಿಕ ಪರೀಕ್ಷಿಸಿದಾಗ ಎರಡು ಸಲ ಓದಿದ್ದೇ ಮೇಲಾಯಿತು: ಶೇಕಡ 81, ಬರೆದುನೋಡಿದ್ದು ಶೇಕಡ 75. ಆದರೆ ಒಂದು ವಾರ ಕಳೆದ ಮೇಲೆ ಲೆಕ್ಕ ತಿರುಗಿತು. ಎರಡು ಸಲ ಓದಿದ್ದರಲ್ಲಿ ಶೇಕಡ 42 ಉಳಿದಿತ್ತು. ನೋಡದೆ ಬರೆದದ್ದರಲ್ಲಿ ಶೇಕಡ 56. ಓದಿದ ಕೂಡಲೆ ಎಲ್ಲ ಬಂದಂತೆ ತೋರುವುದೇಕೆ, ಪರೀಕ್ಷೆಯ ದಿನ ಕೈಕೊಡುವುದೇಕೆ ಎಂಬುದಕ್ಕೆ ಇಲ್ಲಿ ಉತ್ತರವಿದೆ.

ಇದಕ್ಕೂ ಬಹಳ ಹಿಂದೆ, 1885ರಲ್ಲಿ, ಜರ್ಮನಿಯ ಎಬಿಂಗ್‌ಹೌಸ್ ಎಂಬ ವಿದ್ವಾಂಸ ತನ್ನ ಮೇಲೆಯೇ ನಡೆಸಿದ ಪ್ರಯೋಗಗಳನ್ನು ಪ್ರಕಟಿಸಿದ್ದ. ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ಬಾಯಿಪಾಠ ಮಾಡಿ, 20 ನಿಮಿಷದಿಂದ 31 ದಿನದವರೆಗೆ ಬೇರೆ ಬೇರೆ ಅಂತರದಲ್ಲಿ ಮತ್ತೆ ಕಲಿತು, ಮೊದಲಿಗಿಂತ ಎಷ್ಟು ಶ್ರಮ ಉಳಿಯಿತೆಂದು ಲೆಕ್ಕವಿಟ್ಟ. ಮರೆವು ಮೊದಲ ಗಂಟೆಯಲ್ಲೇ ಬಲು ವೇಗ, ಒಂದು ದಿನವಾದ ಮೇಲೆ ನಿಧಾನ ಎಂದು ಕಂಡಿತು. ಅರ್ಥವಿರುವ ಪಾಠ ಇಷ್ಟು ಬೇಗ ಸೋರದು, ಆದರೂ ಸೋರುತ್ತದೆ. ಆದ್ದರಿಂದ ಮಾರ್ಚಿಯಲ್ಲಿ ಹತ್ತು ಗಂಟೆ ಓದುವುದಕ್ಕಿಂತ ಜೂನಿನಿಂದಲೇ ದಿನವೂ ಸ್ವಲ್ಪ ಮೆಲುಕುಹಾಕುವುದು ಲೇಸು. ಯುದ್ಧಕಾಲದಲ್ಲಿ ಶಸ್ತ್ರಾಭ್ಯಾಸವೆಂದು ಹಿರಿಯರು ಹಾಸ್ಯಮಾಡಿದ್ದು ಸುಮ್ಮನೆಯೇ?

'ಅಭ್ಯಾಸ' ಎಂಬ ಮಾತನ್ನೇ ನೋಡಿ. ಕನ್ನಡದಲ್ಲಿ ಅದಕ್ಕೆ ಓದು ಎಂದೂ ಅರ್ಥ, ರೂಢಿ ಎಂದೂ ಅರ್ಥ. ಸಂಸ್ಕೃತ ವ್ಯಾಕರಣದಲ್ಲಿ 'ದದಾತಿ' ಎಂಬಲ್ಲಿ ಧಾತು ಎರಡಾಗುತ್ತದೆ. ಆ ಮೊದಲ ದಕಾರಕ್ಕೂ ಅಭ್ಯಾಸವೆಂದೇ ಹೆಸರು. ಮರಳಿ ಬರುವುದೇ ಅಭ್ಯಾಸದ ಜೀವ.

ಹಾಗಾದರೆ ದಿನದ ಕ್ರಮ ಹೇಗಿರಬೇಕು? ಜಾಗವೂ ಹೊತ್ತೂ ದಿನವೂ ಒಂದೇ ಆಗಿರಲಿ. ಕುಳಿತುಕೊಳ್ಳಬೇಕೇ ಬೇಡವೇ ಎಂಬ ಜಗ್ಗಾಟ ಆಗ ತಪ್ಪುತ್ತದೆ. ಮೊದಲ ಹತ್ತು ನಿಮಿಷ ಪುಸ್ತಕ ತೆರೆಯದೆ, ಆ ದಿನ ಶಾಲೆಯಲ್ಲಿ ನಡೆದ ಪಾಠಗಳಲ್ಲಿ ನೆನಪಿರುವುದನ್ನು ಬರೆಯಲಿ. ಅನಂತರ ಒಂದು ವಿಷಯವನ್ನು ಅರ್ಧ ಗಂಟೆ: ಎರಡು ಪುಟ ಓದುವುದು, ಮುಚ್ಚುವುದು, ತನ್ನ ಮಾತಿನಲ್ಲಿ ಹೇಳುವುದು, ತೆರೆದು ಬಿಟ್ಟುಹೋದದ್ದನ್ನು ನೋಡುವುದು. ಐದು ನಿಮಿಷ ಎದ್ದು ಓಡಾಡಿ ಇನ್ನೊಂದು ವಿಷಯ. ಕೊನೆಯಲ್ಲಿ ಹಳೆಯ ಪಾಠಕ್ಕೆ ಕಾಲು ಗಂಟೆ. ಇಂದಿನದನ್ನು ನಾಳೆ, ಮೂರು ದಿನ ಬಿಟ್ಟು, ವಾರ ಬಿಟ್ಟು ಕೇಳಿಕೊಳ್ಳಲಿ. ಈ ದಿನಗಳ ಲೆಕ್ಕ ಶಾಸ್ತ್ರವಾಕ್ಯವಲ್ಲ. ಸ್ವಲ್ಪ ಮರೆಯುವಷ್ಟು ಬಿಡುವು ಇರಬೇಕೆಂಬುದೇ ಮುಖ್ಯ.

ಲೆಕ್ಕ, ವ್ಯಾಕರಣಗಳಲ್ಲಿ ಉದಾಹರಣೆಗಳನ್ನು ಬೆರೆಸಿ ಮಾಡುವುದು ಒಳ್ಳೆಯದು. ಲೋಪಸಂಧಿಯವೇ ಹತ್ತು ಪದ ಕೊಟ್ಟರೆ ಮಗು ಯೋಚಿಸದೆ ಬರೆಯುತ್ತದೆ. ಊರೂರು, ಮನೆಯನ್ನು, ಮಳೆಗಾಲ, ದೇವಾಲಯ ಎಂದು ಬೆರೆಸಿ ಕೊಡಿ. ಲೋಪವೋ, ಆಗಮವೋ, ಆದೇಶವೋ, ಸವರ್ಣದೀರ್ಘವೋ ಎಂದು ಪ್ರತಿಸಲವೂ ಆರಿಸಬೇಕಾಗುತ್ತದೆ. ಅರ್ಥವಾಗದ ಪಾಠವನ್ನು ಮಾತ್ರ ಉರುಹೊಡೆಯಬಾರದು. ಅದಕ್ಕೊಂದು ಗುರುತು ಹಾಕಿ ಮರುದಿನ ಉಪಾಧ್ಯಾಯರನ್ನು ಕೇಳಲಿ. ಕೇಳುವ ಹುಡುಗರೆಂದರೆ ನಮಗೆ ಪ್ರೀತಿಯೇ.

ಮನೆಯವರಿಂದ ಆಗಬೇಕಾದದ್ದು ಸ್ವಲ್ಪವೇ. ಪುಸ್ತಕ ನಿಮ್ಮ ಕೈಯಲ್ಲಿಟ್ಟುಕೊಂಡು ಮಗು ಹೇಳುವುದನ್ನು ಕೇಳಿ. ಆ ಪಾಠ ನಿಮಗೆ ಬರಬೇಕಾದ್ದಿಲ್ಲ. "ನನಗೆ ತಿಳಿಯುವಂತೆ ಹೇಳು ಮಗು" ಎಂದು ಅಜ್ಜಿ ಕುಳಿತರೂ ಸಾಕು. ತಡವರಿಸಿದರೆ ಗದರಬೇಡಿ, ತಡವರಿಸಿ ನೆನೆದದ್ದೇ ಗಟ್ಟಿಯಾಗಿ ನಿಲ್ಲುವುದು. ಆ ಹೊತ್ತಿನಲ್ಲಿ ಮೊಬೈಲು ಬೇರೆ ಕೋಣೆಯಲ್ಲಿರಲಿ. ಈ ಪತ್ರಿಕೆಯಲ್ಲಿ ಹೇಳುವುದಕ್ಕೆ ಸಂಕೋಚವಾದರೂ ಹೇಳುತ್ತೇನೆ: ರೇಡಿಯೋ ಕೂಡ ಸುಮ್ಮನಿರಲಿ. ಇನ್ನು ನಿದ್ರೆ. ಹದಿಮೂರರಿಂದ ಹದಿನೆಂಟರ ವಯಸ್ಸಿನವರಿಗೆ 8ರಿಂದ 10 ಗಂಟೆಯ ನಿದ್ರೆ ಬೇಕೆಂದು ವೈದ್ಯರು ಹೇಳುತ್ತಾರೆ. ಕಲಿತದ್ದು ಮನಸ್ಸಿನಲ್ಲಿ ನೆಲೆಯೂರುವುದಕ್ಕೂ ಅದು ಅವಶ್ಯ.

ಆ ಹುಡುಗ ಒಂಬತ್ತೂವರೆಗೆ ಮಲಗತೊಡಗಿದ. ತಂದೆಗೆ ಮೊದಲು ಗಾಬರಿ. ನಾನೇ ಮನೆಗೆ ಹೋಗಿ ಹೇಳಬೇಕಾಯಿತು. ವಾರ್ಷಿಕ ಪರೀಕ್ಷೆಯಲ್ಲಿ ಅವನೇನೂ ಮೊದಲಿಗನಾಗಲಿಲ್ಲ. ಎಲ್ಲ ವಿಷಯಗಳಲ್ಲೂ ತೇರ್ಗಡೆಯಾದ. ನನಗಂತೂ ಆಮೇಲೆ ಯಾರ ಪ್ರಗತಿಪತ್ರದಲ್ಲಿಯೂ "ಇನ್ನೂ ಹೆಚ್ಚು ಓದಬೇಕು" ಎಂದಷ್ಟೇ ಬರೆಯಲು ಕೈಬಂದಿಲ್ಲ.

ಇಂದು ಸಂಜೆ ನಿಮ್ಮ ಮನೆಯಲ್ಲಿ ಓದುವ ದನಿ ನಿಂತರೆ ಒಳಗಿನಿಂದ ಕೂಗುವ ಮೊದಲು ಒಮ್ಮೆ ಇಣುಕಿ ನೋಡಿ. ಪುಸ್ತಕ ಮುಚ್ಚಿದ್ದು, ಮಗು ಸೂರು ನೋಡುತ್ತ ತುಟಿಯಲ್ಲೇ ಏನನ್ನೋ ಹೇಳಿಕೊಳ್ಳುತ್ತಿದ್ದರೆ ಸದ್ದುಮಾಡದೆ ಹಿಂದಿರುಗಿ.