ಗಳಿಸಿದ ದಿನಗಳು

ಶಬ್ದಾರ್ಥದ ವಿಚಾರವಾಗಿ ತರಗತಿಯಲ್ಲಿ ಪಾಠ ಹೇಳುತ್ತಿದ್ದಾಗ ಹಿಂದಿನ ಬೆಂಚಿನಿಂದ ಒಂದು ಪ್ರಶ್ನೆ ಬಂದಿತು: "ಸಾರ್, ಒಂದು ಮಾತಿಗೆ ಈ ಅರ್ಥವೋ ಆ ಅರ್ಥವೋ ಎಂದು ಇಷ್ಟು ಹೊತ್ತು ತರ್ಕಿಸುವುದರಿಂದ ಯಾರಿಗೆ ಏನು ಲಾಭ, ಏನು ನಷ್ಟ?" ಪ್ರಶ್ನೆಯಲ್ಲಿ ಸ್ವಲ್ಪ ತುಂಟತನವಿತ್ತು, ಆದರೆ ತಳ್ಳಿಹಾಕುವಂಥದಾಗಿರಲಿಲ್ಲ. ಉತ್ತರವಾಗಿ ಅಂದು ನಾನು ಕಾವ್ಯದ ಪ್ರಸಂಗವನ್ನು ಹೇಳಲಿಲ್ಲ, ಅಮೆರಿಕದ ಸೆರೆಮನೆಗಳ ಸಂಗತಿಯೊಂದನ್ನು ಹೇಳಿದೆ. ಅದನ್ನೇ ಇಲ್ಲಿ ವಾಚಕರ ಮುಂದೆಯೂ ಇಡುತ್ತೇನೆ.

ಅಮೆರಿಕದಲ್ಲಿ ಒಂದೊಂದು ರಾಜ್ಯಕ್ಕೂ ತನ್ನದೇ ಆದ ಸೆರೆಮನೆಗಳುಂಟು. ಅವಲ್ಲದೆ ಕೇಂದ್ರ ಸರ್ಕಾರದ ಕಾನೂನನ್ನು ಮುರಿದವರಿಗೆಂದು ಫೆಡರಲ್ ಸೆರೆಮನೆಗಳು ಬೇರೆಯೇ ಇವೆ. ಈ ಫೆಡರಲ್ ಸೆರೆಮನೆಗಳಲ್ಲಿ ಹಿಂದೆ ಪೆರೋಲಿನ ಪದ್ಧತಿಯಿತ್ತು. ನಮ್ಮಲ್ಲಿ ಪೆರೋಲ್ ಎಂದರೆ ಕೈದಿಗೆ ದೊರೆಯುವ ಕೆಲವು ದಿನಗಳ ಬಿಡುವು. ಅಲ್ಲಿ ಅದು ಅವಧಿಗೆ ಮುಂಚಿನ ಬಿಡುಗಡೆ. ಮಂಡಲಿಯೊಂದು ಕುಳಿತು, ಇವನು ತಿದ್ದಿಕೊಂಡಿದ್ದಾನೆ, ಬಿಡಬಹುದು ಎಂದು ತೀರ್ಮಾನಿಸುತ್ತಿತ್ತು. 1984ರ ಶಾಸನವೊಂದು ಈ ಪದ್ಧತಿಯನ್ನು ಕೊನೆಗಾಣಿಸಿತು. 1987ರ ನವೆಂಬರ್ 1ರಿಂದ ಈಚಿನ ಅಪರಾಧಗಳಿಗೆ ಆ ಬಾಗಿಲು ಮುಚ್ಚಿತು. ಅದರ ಬದಲಿಗೆ ಉಳಿದದ್ದು ಮುಖ್ಯವಾಗಿ ಸನ್ನಡತೆಯ ಕಡಿತ: ನಿಯಮಗಳನ್ನು ಪಾಲಿಸಿ ನಡೆದ ಕೈದಿಗೆ ಶಿಕ್ಷೆಯ ಅವಧಿಯ ಪ್ರತಿ ವರ್ಷಕ್ಕೆ 54 ದಿನಗಳವರೆಗೆ ಸೋಡಿ.

ಶಿಕ್ಷೆಯ ಅವಧಿ ಎಂದರೇನು? ನ್ಯಾಯಾಧೀಶನು ವಿಧಿಸಿದ ಅವಧಿಯೋ, ಕೈದಿ ಒಳಗೆ ಕುಳಿತು ಕಳೆದ ಅವಧಿಯೋ? ಇಂಗ್ಲಿಷಿನ ಆ ಪದದಲ್ಲಿರುವ ಸಂದಿಗ್ಧತೆ ನಮ್ಮ 'ಅವಧಿ'ಯಲ್ಲಿಯೂ ಇದ್ದೇ ಇದೆ. ಹತ್ತು ವರ್ಷ ವಿಧಿಸಿದ್ದನ್ನೇ ಲೆಕ್ಕಕ್ಕೆ ಹಿಡಿದರೆ ಕಡಿತ 540 ದಿನ. ಸೆರೆಮನೆಯ ಇಲಾಖೆ ಎರಡನೆಯ ಅರ್ಥವನ್ನು ಹಿಡಿಯಿತು. ಆಗ ಕಡಿತ ಸುಮಾರು 470 ದಿನಕ್ಕೆ ಇಳಿಯಿತು. ವರ್ಷಕ್ಕೆ 54 ದಿನ ಎಂದು ಶಾಸನ ಹೇಳಿದ್ದರೂ ಕೈಗೆ ಬಂದದ್ದು 47. ಈ ಅರ್ಥಜಿಜ್ಞಾಸೆ ಅಲ್ಲಿನ ಸುಪ್ರೀಂ ಕೋರ್ಟಿನವರೆಗೂ ಹೋಯಿತು. 2010ರ ಜೂನ್ ತಿಂಗಳಲ್ಲಿ ಆರು ಮಂದಿ ನ್ಯಾಯಮೂರ್ತಿಗಳು ಇಲಾಖೆಯ ಲೆಕ್ಕವನ್ನು ಎತ್ತಿಹಿಡಿದರು. ಬಹುಮತದ ತೀರ್ಪನ್ನು ಬರೆದವರು ನ್ಯಾಯಮೂರ್ತಿ ಬ್ರೇಯರ್. ಮೂವರು ಒಪ್ಪಲಿಲ್ಲ, ಅವರ ಪರವಾಗಿ ಬರೆದವರು ನ್ಯಾಯಮೂರ್ತಿ ಕೆನಡಿ. ಭಾಷೆಯನ್ನು ಬಲ್ಲ ಒಂಬತ್ತು ಮಂದಿ ಒಂದೇ ವಾಕ್ಯವನ್ನು ಓದಿ ಎರಡು ಅರ್ಥಗಳನ್ನು ಕಂಡರು!

ಶಾಸಕರು ಈ ತೊಡಕನ್ನು ಬಿಡಿಸಿದ್ದು 2018ರಲ್ಲಿ. ಆ ವರ್ಷದ ಡಿಸೆಂಬರ್ 21ರಂದು 'ಫಸ್ಟ್ ಸ್ಟೆಪ್ ಆಕ್ಟ್' ಎಂಬ ಕಾಯಿದೆಗೆ ಅಧ್ಯಕ್ಷ ಟ್ರಂಪರ ಅಂಕಿತ ಬಿದ್ದಿತು. ಸಂದಿಗ್ಧವಾಗಿದ್ದ ಮಾತನ್ನು ಅದು ತೆಗೆದು, ನ್ಯಾಯಾಲಯವು ವಿಧಿಸಿದ ಶಿಕ್ಷೆಯ ಪ್ರತಿ ವರ್ಷಕ್ಕೆ ಎಂದು ಸ್ಪಷ್ಟವಾಗಿ ಬರೆಯಿತು. ತಿದ್ದಿದ್ದು ಕೆಲವೇ ಶಬ್ದಗಳನ್ನು. ಈ ತಿದ್ದುಪಡಿ ಜಾರಿಗೆ ಬಂದ 2019ರ ಜುಲೈ 19ರಂದು ಮೂರು ಸಾವಿರದ ನೂರಕ್ಕೂ ಹೆಚ್ಚು ಜನ ಫೆಡರಲ್ ಸೆರೆಮನೆಗಳ ವಶದಿಂದ ಬಿಡುಗಡೆಯಾದರು.

ಅದೇ ಕಾಯಿದೆ ಇನ್ನೊಂದು ಬಗೆಯ ದಿನಗಳನ್ನೂ ಸೃಷ್ಟಿಸಿತು. ಸನ್ನಡತೆಯ ದಿನಗಳು ತಪ್ಪು ಮಾಡದೆ ಇದ್ದುದಕ್ಕೆ ದೊರೆಯುವಂಥವು. ಇವು ದುಡಿದು ಗಳಿಸಬೇಕಾದವು. ಓದುಬರಹ, ಕಸಬಿನ ಶಿಕ್ಷಣ, ಮಾದಕ ವ್ಯಸನದ ಚಿಕಿತ್ಸೆ, ಕೋಪವನ್ನು ಹತೋಟಿಗೆ ತಂದುಕೊಳ್ಳುವ ತರಬೇತಿ - ಇಂಥ ಮಾನ್ಯ ಕಾರ್ಯಕ್ರಮಗಳಲ್ಲಿ ಸರಿಯಾಗಿ ಭಾಗವಹಿಸಿದ ಪ್ರತಿ 30 ದಿನಗಳಿಗೆ 10 ದಿನ ಜಮೆ. ಮತ್ತೆ ಅಪರಾಧ ಮಾಡುವ ಸಂಭವ ಕಡಿಮೆಯೆಂದು ಎರಡು ಸಲದ ಮೌಲ್ಯಮಾಪನದಲ್ಲಿಯೂ ಕಂಡುಬಂದವನಿಗೆ ಮೇಲೆ 5 ದಿನ, ಒಟ್ಟು 15. ಹೀಗೆ ಕೂಡಿಟ್ಟ ದಿನಗಳಿಂದ ಗರಿಷ್ಠ ಒಂದು ವರ್ಷದಷ್ಟು ಮೊದಲೇ ಹೊರಬಂದು, ಅಧಿಕಾರಿಯ ಮೇಲ್ವಿಚಾರಣೆಯಲ್ಲಿ ಬದುಕಬಹುದು. ತಿಂಗಳಿಗೆ 15ರಂತೆ ಅಷ್ಟು ಗಳಿಸುವುದಕ್ಕೆ ಎರಡು ವರ್ಷಕ್ಕೂ ತುಸು ಹೆಚ್ಚು ಕಾಲ ಬೇಕು. ಅದಕ್ಕಿಂತ ಹೆಚ್ಚು ಗಳಿಸಿದವನ ಉಳಿದ ದಿನಗಳು ಗೃಹಬಂಧನಕ್ಕೋ ಪುನರ್ವಸತಿ ಗೃಹಕ್ಕೋ ಸಲ್ಲುತ್ತವೆ. ಅಲ್ಲಿ ಶಿಕ್ಷೆ ಮುಗಿದಿರುವುದಿಲ್ಲ, ಸೆರೆಮನೆಯ ಗೋಡೆ ಮಾತ್ರ ಇರುವುದಿಲ್ಲ.

ಆದರೆ ಗಳಿಸಿದ್ದೆಲ್ಲವೂ ಕೈಸೇರುತ್ತದೆಯೆ? ಭಯೋತ್ಪಾದನೆ, ಬೇಹುಗಾರಿಕೆ ಮೊದಲಾದ ಅಪರಾಧಗಳ ಉದ್ದವಾದ ಪಟ್ಟಿಯೊಂದಿದೆ. ಅದರಲ್ಲಿರುವ ಅಪರಾಧಕ್ಕಾಗಿ ಒಳಗಿರುವವನು ಎಷ್ಟು ಓದಿದರೂ ಒಂದು ದಿನವೂ ಜಮೆಯಾಗದು. ದೇಶದಿಂದ ಹೊರಹಾಕುವ ಅಂತಿಮ ಆಜ್ಞೆಯಾಗಿರುವ ವಿದೇಶಿಯ ಗಳಿಕೆ ಬಳಕೆಗೆ ಬಾರದು. ಅಪಾಯದ ಅಂದಾಜು ಹೆಚ್ಚೆಂದು ಬಂದವನು ದಿನಗಳನ್ನು ಗಳಿಸಬಹುದು. ಆದರೆ ಆ ಅಂದಾಜು ಇಳಿಯುವವರೆಗೆ, ಇಲ್ಲವೆ ಸೆರೆಮನೆಯ ಮುಖ್ಯಾಧಿಕಾರಿ ವಿಶೇಷವಾಗಿ ಒಪ್ಪುವವರೆಗೆ, ಅವು ಲೆಕ್ಕದ ಪುಸ್ತಕದಲ್ಲಿಯೇ ಇರಬೇಕು. ಆ ಅಂದಾಜಿನಲ್ಲಿ ವಯಸ್ಸಿಗೂ ಅಂಕವುಂಟು. ಎಳೆಯನಾಗಿರುವುದೇ ಅಲ್ಲಿ ಅಂಕವನ್ನು ಏರಿಸುತ್ತದೆ. ಇಪ್ಪತ್ತರ ಹುಡುಗರಿಗೆ ಪಾಠ ಹೇಳಿ ಬಾಳುವ ನನಗೆ ಇದು ಒಪ್ಪಿಗೆಯಾಗುವುದು ಕಷ್ಟ.

ಈ ವಿಚಾರದ ಬೇರು ಹಳೆಯದು. 1840ರಲ್ಲಿ ಆಸ್ಟ್ರೇಲಿಯದ ಪೂರ್ವಕ್ಕಿರುವ ನಾರ್ಫೋಕ್ ದ್ವೀಪದ ಸೆರೆಶಿಬಿರಕ್ಕೆ ಅಧಿಕಾರಿಯಾಗಿ ಬಂದ ಅಲೆಕ್ಸಾಂಡರ್ ಮಕಾನಕಿ, ಕೈದಿಗಳು ದುಡಿಮೆಯಿಂದಲೂ ನಡತೆಯಿಂದಲೂ ಅಂಕಗಳನ್ನು ಗಳಿಸಿ ತಮ್ಮ ಬಿಡುಗಡೆಯನ್ನು ತಾವೇ ಹತ್ತಿರ ತಂದುಕೊಳ್ಳಬೇಕೆಂದು ಬಯಸಿದನು. 1844ರಲ್ಲಿ ಅವನನ್ನು ಅಲ್ಲಿಂದ ತೆಗೆದರು. ವಿಚಾರ ಮಾತ್ರ ಉಳಿಯಿತು. ಸ್ವಾತಂತ್ರ್ಯೋತ್ಸವ ಗಣರಾಜ್ಯೋತ್ಸವಗಳ ಸುಮಾರಿಗೆ ಸನ್ನಡತೆಯ ಕೈದಿಗಳ ಬಿಡುಗಡೆಯ ಸುದ್ದಿಯನ್ನು ನಾವು ಪತ್ರಿಕೆಗಳಲ್ಲಿ ಓದುತ್ತೇವೆ. ಶಿಕ್ಷೆ 'ಮಾಫಿ'ಯಾಯಿತು ಎನ್ನುತ್ತೇವೆ. ಮಾಫಿ ಕೊಡುವವನ ಮಾತು, ಗಳಿಕೆ ಪಡೆಯುವವನ ಮಾತು. ಮಾಫಿಯನ್ನು ಬೇಡಬಹುದು; ಗಳಿಸಿದ್ದನ್ನು ನನ್ನದೆಂದು ಕೇಳಬಹುದು. ಕೈದಿಯ ಬಾಯಲ್ಲಿ 'ನನ್ನದು' ಎಂಬ ಮಾತನ್ನು ಮತ್ತೆ ಇರಿಸುವುದಾದರೆ, ಎಷ್ಟೇ ಕೊರತೆಯಿದ್ದರೂ ಈ ಲೆಕ್ಕ ದೊಡ್ಡದೆಂದು ನನಗೆ ತೋರುತ್ತದೆ.

ಇಷ್ಟನ್ನು ಹೇಳಿ ಮುಗಿಸಿದಾಗ ಗಂಟೆ ಬಾರಿಸಿತ್ತು. ಆ ಹುಡುಗ ಮಾತ್ರ ಏಳಲಿಲ್ಲ. "ಸಾರ್, ಕಾಯಿದೆಯನ್ನು ತಿದ್ದುವುದಕ್ಕೆ ಮೊದಲೇ ಶಿಕ್ಷೆ ಮುಗಿಸಿ ಹೋದವರಿದ್ದಾರಲ್ಲ, ವರ್ಷಕ್ಕೆ ಏಳರಂತೆ ಅವರ ದಿನಗಳನ್ನು ಯಾರು ಹಿಂದಕ್ಕೆ ಕೊಟ್ಟರು?" ಎಂದು ಕೇಳಿದ.

ಯಾರೂ ಕೊಡಲಿಲ್ಲವೆಂದೆ. ಅವನು ಮೊದಲು ಕೇಳಿದ ಪ್ರಶ್ನೆಗೂ ಅದೇ ಉತ್ತರವಾಗಿತ್ತು.