ಬಿಸಿಲಿನ ಜೀವಸತ್ವ

ಕಡೂರಿನ ತೆಂಗಿನ ತೋಟ, ತರೀಕೆರೆಯ ಅಡಿಕೆಯ ಅಂಗಳ, ಅಜ್ಜಂಪುರದ ಈರುಳ್ಳಿಯ ಹೊಲ ಇವೆಲ್ಲಕ್ಕೂ ಬಿಸಿಲೇ ಆಧಾರ. ರಾಗಿ ಈ ಭಾಗದ ಜನರ ನಿತ್ಯದ ಆಹಾರ. 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಮಿಗೂ ಹೆಚ್ಚು ಕ್ಯಾಲ್ಸಿಯಂ ಇದೆ. ಬಿಸಿಲೂ ರಾಗಿಯೂ ಹೇರಳವಾಗಿರುವ ನಾಡಿನಲ್ಲಿ ಮೂಳೆಗಳು ದುರ್ಬಲವಾಗಲಾರವೆಂದು ಯಾರಿಗಾದರೂ ತೋರುವುದು ಸಹಜ. ಆದರೆ ಬಿಸಿಲು ಊರಿನಲ್ಲಿದ್ದರೆ ಸಾಲದು. ಅದು ಮೈಮೇಲೆ ಬೀಳಬೇಕು.

ತಿಂದ ಆಹಾರದಲ್ಲಿನ ಕ್ಯಾಲ್ಸಿಯಮ್ಮನ್ನು ಕರುಳು ಸಾಕಷ್ಟು ಹೀರಿಕೊಳ್ಳಬೇಕಾದರೆ ಜೀವಸತ್ವ ‘ಡಿ’ ಬೇಕು. ಇದರ ಕೊರತೆಯುಂಟಾದರೆ ಎಳೆಯ ಮಕ್ಕಳ ಕಾಲಿನ ಮೂಳೆಗಳು ದೇಹದ ಭಾರಕ್ಕೆ ಬಾಗುತ್ತವೆ. ಈ ರೋಗಕ್ಕೆ ರಿಕೆಟ್ಸ್ ಎಂದು ಹೆಸರು. ವಯಸ್ಕರಲ್ಲಿ ಮೂಳೆಗಳು ಮೆದುವಾಗಿ ನೋವು ಕಾಣಿಸಿಕೊಳ್ಳುತ್ತದೆ, ಸ್ನಾಯುಗಳು ಬಲಗುಂದುತ್ತವೆ.

ಹಿಂದೆ ಯೂರೋಪಿನ ಕೈಗಾರಿಕಾ ನಗರಗಳಲ್ಲಿ ಹೊಗೆಯು ಸೂರ್ಯನನ್ನು ಮರೆಮಾಡಿದ್ದಾಗ ಅಸಂಖ್ಯಾತ ಮಕ್ಕಳು ಈ ರೋಗಕ್ಕೆ ತುತ್ತಾದರು. 1919ರಲ್ಲಿ ಇಂಗ್ಲೆಂಡಿನ ಎಡ್ವರ್ಡ್ ಮೆಲನ್‌ಬಿ ಕಾಡ್ ಮೀನಿನ ಎಣ್ಣೆಯಿಂದ ನಾಯಿಮರಿಗಳಲ್ಲಿ ಇದನ್ನು ತಡೆಯಬಹುದೆಂದು ತೋರಿಸಿದನು. ಅದೇ ವರ್ಷ ಬರ್ಲಿನ್ನಿನ ವೈದ್ಯ ಹುಲ್ಡ್‌ಶಿನ್‌ಸ್ಕಿ ಅತಿನೇರಳೆ ಕಿರಣಗಳ ದೀಪದಿಂದ ಮಕ್ಕಳನ್ನು ಗುಣಪಡಿಸಿದನು. ಎಣ್ಣೆಗೂ ಬೆಳಕಿಗೂ ಏನು ಸಂಬಂಧ? ಎರಡೂ ದೇಹಕ್ಕೆ ಒದಗಿಸುತ್ತಿದ್ದುದು ಒಂದೇ ವಸ್ತುವನ್ನು ಎಂಬುದು ಮುಂದಿನ ಸಂಶೋಧನೆಗಳಿಂದ ತಿಳಿಯಿತು.

ಸೂರ್ಯನ ಅತಿನೇರಳೆ ಕಿರಣಗಳು ಚರ್ಮದ ಮೇಲೆ ಬಿದ್ದಾಗ ಅಲ್ಲಿರುವ ಒಂದು ಬಗೆಯ ಕೊಬ್ಬಿನಂಥ ವಸ್ತು ಜೀವಸತ್ವ ‘ಡಿ’ಯಾಗಿ ಮಾರ್ಪಡುತ್ತದೆ. ಯಕೃತ್ತು ಮತ್ತು ಮೂತ್ರಪಿಂಡಗಳು ಅದನ್ನು ದೇಹದ ಉಪಯೋಗಕ್ಕೆ ತಕ್ಕ ರೂಪಕ್ಕೆ ತರುತ್ತವೆ. ನಸುಕಿನ ಎಳೆಬಿಸಿಲು ಹಿತಕರವಾದರೂ ಅದರಲ್ಲಿ ಈ ಕಿರಣಗಳು ತೀರ ಕಡಿಮೆ. ನೆರಳು ಆಳಿಗಿಂತ ಗಿಡ್ಡವಾಗಿರುವ ಹೊತ್ತಿನಲ್ಲಿ ಅವು ಸಮೃದ್ಧ. ಆಗ ಚರ್ಮ ಕಂದದಂತೆ ಸ್ವಲ್ಪ ಕಾಲ ಮುಖ, ಕೈಕಾಲುಗಳಿಗೆ ಬಿಸಿಲು ತಾಗಿದರೆ ಒಳ್ಳೆಯದು. ಕಿಟಕಿಯ ಗಾಜು ಈ ಕಿರಣಗಳನ್ನು ತಡೆಯುತ್ತದೆ. ಕಪ್ಪು ಬಣ್ಣದ ಚರ್ಮಕ್ಕೆ ಹೆಚ್ಚು ಕಾಲ ಬೇಕು. ಆದುದರಿಂದ ಹೊಲದಲ್ಲಿ ದುಡಿಯುವವನಿಗೆ ಸುಲಭವಾಗಿ ದೊರೆಯುವುದು, ಅದೇ ಮನೆಯಲ್ಲಿ ಹಾಸಿಗೆ ಹಿಡಿದ ಅಜ್ಜಿಗೆ ದೊರೆಯದೆ ಹೋಗಬಹುದು. ದಿನವಿಡೀ ಒಳಗೆ ಕುಳಿತು ಓದುವ ವಿದ್ಯಾರ್ಥಿಗೂ ದೊರೆಯದೆ ಹೋಗಬಹುದು.

ಆಹಾರದಲ್ಲಿ ಈ ಜೀವಸತ್ವ ವಿರಳ. ಕೊಬ್ಬಿರುವ ಮೀನು, ಮೊಟ್ಟೆಯ ಹಳದಿ, ಇದನ್ನು ಸೇರಿಸಿದ ಹಾಲು ಮತ್ತು ಎಣ್ಣೆ ಇವೇ ಮುಖ್ಯವಾದವು. ಬಿಸಿಲೂ ಆಹಾರವೂ ಸಾಲದೆ ಕೊರತೆ ಕಂಡಾಗ ವೈದ್ಯರು ಮಾತ್ರೆಯನ್ನೋ ಪುಡಿಯನ್ನೋ ಕೊಡುತ್ತಾರೆ. ಕೊಬ್ಬಿನಲ್ಲಿ ಕರಗುವ ವಸ್ತುವಾದುದರಿಂದ ಅದನ್ನು ಊಟದೊಡನೆ ಸೇವಿಸುವುದು ಮೇಲು.

ಇಲ್ಲಿಯೇ ಎಚ್ಚರ ಅಗತ್ಯ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು 2020ರಲ್ಲಿ ನಿಗದಿಪಡಿಸಿದಂತೆ ವಯಸ್ಕರಿಗೆ ದಿನಕ್ಕೆ ಬೇಕಾದುದು 600 ಅಂತರರಾಷ್ಟ್ರೀಯ ಏಕಮಾನಗಳು, ಅಂದರೆ 15 ಮೈಕ್ರೊಗ್ರಾಂ. ಕೊರತೆಗೆ ಸಾಮಾನ್ಯವಾಗಿ ವಾರಕ್ಕೊಂದರಂತೆ ಕೆಲವೇ ವಾರ ಕೊಡುವ ಮಾತ್ರೆಯಲ್ಲಿರುವುದು 60,000 ಏಕಮಾನಗಳು. ಅದು ನೂರು ದಿನಗಳ ಅಗತ್ಯಕ್ಕೆ ಸಮ. ‘ವಾರಕ್ಕೊಂದು’ ಎಂಬುದನ್ನು ‘ದಿನಕ್ಕೊಂದು’ ಎಂದು ತಪ್ಪಾಗಿ ತಿಳಿದು ನುಂಗಿದವನ ದೇಹಕ್ಕೆ ಒಂದೇ ವಾರದಲ್ಲಿ 4,20,000 ಏಕಮಾನಗಳು ಸೇರುತ್ತವೆ. ಹೀಗೆಯೇ ಮುಂದುವರಿದರೆ ರಕ್ತದಲ್ಲಿ ಕ್ಯಾಲ್ಸಿಯಂ ಮಿತಿಮೀರಿ ವಾಕರಿಕೆ, ವಾಂತಿ, ಅತಿಯಾದ ಬಾಯಾರಿಕೆ, ಪದೇ ಪದೇ ಮೂತ್ರ, ಮಲಬದ್ಧತೆ, ಮಂಕುತನ ತೋರುತ್ತವೆ, ಮೂತ್ರಪಿಂಡಗಳೇ ಕೆಡಬಹುದು. ಬಿಸಿಲಿನಿಂದ ಇಂಥ ಅಪಾಯವಿಲ್ಲ. ಹೆಚ್ಚಾದುದನ್ನು ಚರ್ಮವು ತಾನೇ ನಿರುಪಯುಕ್ತ ವಸ್ತುಗಳಾಗಿ ಬದಲಾಯಿಸುತ್ತದೆ. ಚರ್ಮಕ್ಕೆ ಇರುವ ಈ ವಿವೇಕ ಕರುಳಿಗೆ ಇಲ್ಲ. ನುಂಗಿದುದರ ಬಹುಪಾಲು ಒಳಸೇರಿ ಕೊಬ್ಬಿನಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ.

ಈ ಮಾತ್ರೆ ಸರ್ವರೋಗಗಳಿಗೂ ಮದ್ದೆಂಬ ನಂಬಿಕೆಯೂ ಸರಿಯಲ್ಲ. ಅಮೆರಿಕದಲ್ಲಿ 25,000ಕ್ಕೂ ಹೆಚ್ಚು ಜನರ ಮೇಲೆ ನಡೆದು 2018ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ದಿನವೂ 2,000 ಏಕಮಾನ ಸೇವಿಸಿದವರಲ್ಲಿ ಹೃದಯಾಘಾತವಾಗಲಿ ಕ್ಯಾನ್ಸರ್ ಬರುವುದಾಗಲಿ ಕಡಿಮೆಯಾಗಲಿಲ್ಲ. ಕೊರತೆಯಿದ್ದವರಿಗೆ ಇದು ಔಷಧ. ಇಲ್ಲದವರಿಗೆ ಹೆಚ್ಚಿನ ಪ್ರಯೋಜನವಿಲ್ಲ.

ಆದುದರಿಂದ ಮೈಕೈ ನೋವೆಂದ ಕೂಡಲೆ ಅಂಗಡಿಯಿಂದ ಮಾತ್ರೆ ತಂದು ನುಂಗುವುದು ಜಾಣತನವಲ್ಲ. ಮೂತ್ರಪಿಂಡದ ಕಲ್ಲು ಇರುವವರು ಮೊದಲೇ ವೈದ್ಯರಿಗೆ ತಿಳಿಸಬೇಕು. ಮನೆಯ ಹಿರಿಯರಿಗೆ ಓದುಬರಹ ಬಾರದಿದ್ದರೆ, ಚೀಟಿಯಲ್ಲಿರುವುದು ದಿನಕ್ಕೋ ವಾರಕ್ಕೋ ಎಂದು ಓದಿ ಹೇಳುವುದು ವಿದ್ಯೆ ಕಲಿತ ಮಕ್ಕಳ ಕರ್ತವ್ಯ. ಅತಿಯಾದರೆ ಅಮೃತವೂ ವಿಷವೆಂಬ ಹಿರಿಯರ ಮಾತು ಈ ಪುಟ್ಟ ಮಾತ್ರೆಗೂ ಸಲ್ಲುತ್ತದೆ.