ಮೂಕಿ ಭಾರದ ಲೆಕ್ಕ: ಟ್ರೇಲರ್ ಎಳೆಯಲು ತಕ್ಕ ಪಿಕಪ್ ಯಾವುದು?

ಟ್ರಾವೆಲ್ ಟ್ರೇಲರ್ ಎಂದರೆ ಎಂಜಿನ್ ಇಲ್ಲದ, ಚಕ್ರಗಳ ಮೇಲೆ ನಿಂತ ಪುಟ್ಟ ಮನೆ. ಮಂಚ, ಒಲೆ, ಫ್ರಿಜ್, ಶೌಚಾಲಯ, ನೀರಿನ ಟ್ಯಾಂಕ್ ಎಲ್ಲವೂ ಅದರಲ್ಲಿರುತ್ತವೆ. ಅಮೆರಿಕ, ಕೆನಡಾಗಳಲ್ಲಿ ರಜೆ ಬಂದರೆ ಲಕ್ಷಾಂತರ ಕುಟುಂಬಗಳು ಇಂಥ ಮನೆಯನ್ನು ಪಿಕಪ್ ಟ್ರಕ್ಕಿನ ಹಿಂದಿನ ಹಿಚ್‌ಗೆ ಸಿಕ್ಕಿಸಿಕೊಂಡು ರಾಷ್ಟ್ರೀಯ ಉದ್ಯಾನಗಳತ್ತ ಹೊರಡುತ್ತವೆ. ಪಿಕಪ್ ಕೊಳ್ಳುವಾಗ ಎಲ್ಲರ ಕಣ್ಣು ಮೊದಲು ಹೋಗುವುದು ಜಾಹೀರಾತಿನ ಒಂದು ಅಂಕಿಯ ಮೇಲೆ: ಈ ಗಾಡಿ ಎಷ್ಟು ಟನ್ ಎಳೆಯುತ್ತದೆ? ಫೋರ್ಡ್ ಎಫ್-150, ಷೆವ್ರೊಲೆ ಸಿಲ್ವರಾಡೊ 1500, ರ್‍ಯಾಮ್ 1500 ಇವುಗಳ ಕೆಲವು ಮಾದರಿಗಳು ಐದು ಟನ್‌ವರೆಗೂ ಎಳೆಯಬಲ್ಲವು. ಆದರೆ ಕುಟುಂಬದ ಸುರಕ್ಷತೆಯನ್ನು ನಿರ್ಧರಿಸುವ ಅಂಕಿ ಅದಲ್ಲ.

ಹಾಗೆಂದು ಆ ಅಂಕಿ ಸುಳ್ಳೂ ಅಲ್ಲ. ಹಿಂದೆ ಪ್ರತಿ ಕಂಪನಿಯೂ ತನ್ನದೇ ಅಳತೆಗೋಲು ಇಟ್ಟುಕೊಂಡಿತ್ತು. ಈಗ ಎಸ್‌ಎಇ ಸಂಸ್ಥೆಯ ಜೆ2807 ಎಂಬ ಮಾನದಂಡವಿದೆ. ಅದರ ಪ್ರಕಾರ ಪಿಕಪ್ ಪೂರ್ತಿ ಭಾರದ ಟ್ರೇಲರ್ ಎಳೆದುಕೊಂಡು ಅರಿಜೋನಾದ ಡೇವಿಸ್ ಡ್ಯಾಮ್ ಏರನ್ನು ಹತ್ತಬೇಕು. ಸುಮಾರು 18 ಕಿ.ಮೀ. ಏರು, 38 ಡಿಗ್ರಿ ಸೆಲ್ಸಿಯಸ್ ಬಿಸಿಲು, ಎಸಿ ಪೂರ್ತಿ ಚಾಲೂ. ಇಷ್ಟರ ನಡುವೆಯೂ ವೇಗ ಗಂಟೆಗೆ 64 ಕಿ.ಮೀ.ಗಿಂತ ಇಳಿಯಬಾರದು, ಎಂಜಿನ್ ಕಾದು ಕೆಡಬಾರದು. ಇದು ಕಠಿಣ ಪರೀಕ್ಷೆಯೇ. ಆದರೆ ಇದರಲ್ಲಿ ಗಾಡಿಯೊಳಗೆ ಲೆಕ್ಕಕ್ಕೆ ಹಿಡಿಯುವುದು ತಲಾ 68 ಕಿಲೋದ ಇಬ್ಬರನ್ನು ಮಾತ್ರ. ಮಕ್ಕಳು, ನಾಯಿ, ಸೈಕಲ್, ಸೌದೆ, ಐಸ್‌ಪೆಟ್ಟಿಗೆ ಆ ಲೆಕ್ಕದಲ್ಲಿಲ್ಲ.

ನಿಜವಾದ ಮಿತಿ ಎಲ್ಲಿದೆ ಎಂಬುದನ್ನು ಎತ್ತಿನ ಗಾಡಿಗೆ ಹುಲ್ಲೋ ಕಬ್ಬೋ ಹೇರಿದವರು ಬೇಗ ಗ್ರಹಿಸುತ್ತಾರೆ. ಹೇರು ಹಿಂದಕ್ಕೆ ಹೆಚ್ಚಾದರೆ ಗಾಡಿಯ ಮೂಕಿ ಮೇಲೇಳುತ್ತದೆ, ಮುಂದಕ್ಕೆ ಹೆಚ್ಚಾದರೆ ಎತ್ತುಗಳ ಹೆಗಲು ಕುಸಿಯುತ್ತದೆ. ಟ್ರೇಲರಿಗೂ ಮುಂದೆ ಚಾಚಿಕೊಂಡ ಮೂಕಿಯಿದೆ, ಅದು ಹಿಚ್‌ನ ಉಕ್ಕಿನ ಗುಂಡಿನ ಮೇಲೆ ಕೂರುತ್ತದೆ. ಟ್ರೇಲರಿನ ಒಟ್ಟು ತೂಕದಲ್ಲಿ ಶೇ. 10ರಿಂದ 15ರಷ್ಟು ಆ ಗುಂಡಿನ ಮೇಲೆ ಬೀಳಬೇಕು. ಈ ಮೂಕಿ ಭಾರವನ್ನು ಪಿಕಪ್ ಎಳೆಯುವುದಿಲ್ಲ, ಹೊರುತ್ತದೆ. ಹೊರುವ ಶಕ್ತಿಗೆ ಪೇಲೋಡ್ ಎಂದು ಹೆಸರು. ಅದರ ಅಂಕಿ ಚಾಲಕನ ಬಾಗಿಲ ಚೌಕಟ್ಟಿಗೆ ಅಂಟಿಸಿದ ಚೀಟಿಯಲ್ಲಿರುತ್ತದೆ. ಜನ ಮತ್ತು ಸರಕು ಸೇರಿ ಇಷ್ಟು ಕಿಲೋ ಮೀರಕೂಡದು ಎಂದು ಅದರಲ್ಲಿ ಅಚ್ಚಾಗಿರುತ್ತದೆ.

ಒಂದು ಲೆಕ್ಕ ಹಾಕಬಹುದು. ಚೀಟಿಯಲ್ಲಿ 700 ಕಿಲೋ ಎಂದಿರಲಿ. ನಾಲ್ವರ ಕುಟುಂಬಕ್ಕೆ 280 ಕಿಲೋ, ಸಾಮಾನಿಗೆ 75, ಹಿಚ್ ಸಲಕರಣೆಗೆ 45 ಕಳೆದರೆ ಉಳಿಯುವುದು 300. ಮೂಕಿ ಭಾರ ಟ್ರೇಲರಿನ ಎಂಟನೇ ಒಂದು ಭಾಗ ಎಂದು ಹಿಡಿದರೆ ಈ ಪಿಕಪ್ ತಾಳುವ ಟ್ರೇಲರಿನ ತೂಕ 2,400 ಕಿಲೋ. ಐದು ಟನ್ ಎಳೆಯಬಲ್ಲ ಗಾಡಿಯ ಮಿತಿ ಅರ್ಧಕ್ಕೂ ಕೆಳಗಿಳಿಯಿತು! ಸನ್‌ರೂಫ್, ವಿದ್ಯುತ್ ಸೀಟುಗಳಂಥ ಸೌಕರ್ಯಗಳ ತೂಕವೂ ಪೇಲೋಡನ್ನು ಕಡಿಮೆ ಮಾಡುತ್ತದೆ. ಹೀಗಾಗಿ ಒಂದೇ ಹೆಸರಿನ ಎರಡು ಪಿಕಪ್‌ಗಳ ಚೀಟಿಯಲ್ಲಿ ನೂರಾರು ಕಿಲೋ ವ್ಯತ್ಯಾಸ ಇರಬಹುದು. ಕೈಪಿಡಿಯನ್ನು ನಂಬದೆ, ಕೊಳ್ಳುವ ಗಾಡಿಯ ಬಾಗಿಲು ತೆರೆದೇ ನೋಡಬೇಕು.

ಮೂಕಿ ಭಾರ ಬೀಳುವ ಜಾಗವೂ ಮುಖ್ಯ. ಹಿಚ್ ಇರುವುದು ಹಿಂದಿನ ಚಕ್ರಗಳಿಗಿಂತ ಹಿಂದೆ. ಹಿಂಚಕ್ರವೇ ಆನಿಕೆಯಾಗಿ ಗಾಡಿ ಏತದಂತೆ ವರ್ತಿಸುತ್ತದೆ: ಬಾಲ ತಗ್ಗುತ್ತದೆ, ಮೂತಿ ಏಳುತ್ತದೆ. ಮುಂಚಕ್ರ, ಹಿಂಚಕ್ರಗಳ ನಡುವೆ 3.7 ಮೀಟರ್, ಹಿಂಚಕ್ರದಿಂದ ಗುಂಡಿಗೆ 1.4 ಮೀಟರ್ ಇದ್ದರೆ, 300 ಕಿಲೋ ಭಾರಕ್ಕೆ ಮುಂಚಕ್ರಗಳು ಸುಮಾರು 114 ಕಿಲೋ ಹಗುರಾಗುತ್ತವೆ, ಹಿಂಚಕ್ರಗಳ ಮೇಲೆ 414 ಕಿಲೋ ಏರುತ್ತದೆ. ದಿಕ್ಕು ತಿರುಗಿಸುವುದು ಮುಂಚಕ್ರಗಳೇ, ಬ್ರೇಕಿನ ಹೆಚ್ಚು ಪಾಲೂ ಅವುಗಳದ್ದೇ. ಅವಕ್ಕೆ ಹಿಡಿತ ಕಡಿಮೆಯಾಗುವುದು ಅಪಾಯ. ಇದಕ್ಕೆಂದೇ ಭಾರ ಹಂಚುವ ಹಿಚ್ ಇದೆ. ಅದರ ಸ್ಪ್ರಿಂಗ್ ಸರಳುಗಳು ಭಾರದ ಒಂದಷ್ಟನ್ನು ಮುಂಚಕ್ರಗಳಿಗೂ ಟ್ರೇಲರಿನ ಚಕ್ರಗಳಿಗೂ ಹಂಚುತ್ತವೆ. ಆದರೆ ಅದು ಪೇಲೋಡ್ ಮಿತಿಯನ್ನು ಹೆಚ್ಚಿಸುವುದಿಲ್ಲ.

ಮೂಕಿ ಹಗುರಾಗಿಸಿ ಪೇಲೋಡ್ ಉಳಿಸೋಣ ಎಂದು ಸಾಮಾನನ್ನು ಟ್ರೇಲರಿನ ಹಿಂಭಾಗಕ್ಕೆ ತಳ್ಳುವವರಿದ್ದಾರೆ. ಇದಕ್ಕಿಂತ ದೊಡ್ಡ ತಪ್ಪು ಇನ್ನೊಂದಿಲ್ಲ. ಪಕ್ಕದಿಂದ ಗಾಳಿ ಬೀಸಿದಾಗ, ದೊಡ್ಡ ಲಾರಿ ಹಿಂದಿಕ್ಕಿದಾಗ ಟ್ರೇಲರ್ ಲೋಲಕದಂತೆ ಎಡಕ್ಕೂ ಬಲಕ್ಕೂ ಓಲಾಡುತ್ತದೆ. ಭಾರದ ಕೇಂದ್ರ ಚಕ್ರಗಳಿಗಿಂತ ಮುಂದಿದ್ದರೆ ಓಲಾಟ ತಾನಾಗಿ ಅಡಗುತ್ತದೆ. ಹಿಂದಿದ್ದರೆ, ಒಂದು ವೇಗ ದಾಟಿದೊಡನೆ ಪ್ರತಿ ಓಲಾಟವೂ ಹಿಂದಿನದಕ್ಕಿಂತ ದೊಡ್ಡದಾಗಿ ಕೊನೆಗೆ ಪಿಕಪ್ಪನ್ನೇ ಬೀಳಿಸಬಲ್ಲದು. ಅಂಥ ಹೊತ್ತಿನಲ್ಲಿ ಪಿಕಪ್ಪಿನ ಬ್ರೇಕ್ ತುಳಿಯಬಾರದು, ವೇಗ ಹೆಚ್ಚಿಸಲೂಬಾರದು. ಆಕ್ಸಿಲರೇಟರಿನಿಂದ ಕಾಲು ತೆಗೆದು, ಟ್ರೇಲರಿನ ಬ್ರೇಕನ್ನು ಮಾತ್ರ ಕೈಯಿಂದ ಒತ್ತಬೇಕು. ಇದಕ್ಕೆ ಡ್ಯಾಶ್‌ಬೋರ್ಡಿನಲ್ಲಿ ಬ್ರೇಕ್ ಕಂಟ್ರೋಲರ್ ಇರಬೇಕು. ಅದಿಲ್ಲದ ಪಿಕಪ್ಪನ್ನು ಈ ಕೆಲಸಕ್ಕೆ ಪರಿಗಣಿಸಲೇಬಾರದು. ಮುಂಚಕ್ರ ಹಿಂಚಕ್ರಗಳ ಅಂತರ ಹೆಚ್ಚಿರುವ ಉದ್ದನೆಯ ಪಿಕಪ್ ಓಲಾಟಕ್ಕೆ ಚೆನ್ನಾಗಿ ಎದುರು ನಿಲ್ಲುತ್ತದೆ.

ಎಂಜಿನ್ನಿನ ಪ್ರಶ್ನೆ ಬರುವುದು ಇಷ್ಟೆಲ್ಲ ಆದ ಮೇಲೆ. ಸಮತಟ್ಟಾದ ದಾರಿಯಲ್ಲಿ ಎಂಜಿನ್ ಹೋರಾಡುವುದು ಮುಖ್ಯವಾಗಿ ಗಾಳಿಯೊಡನೆ, ಏಕೆಂದರೆ ಟ್ರೇಲರಿನ ಮುಂಭಾಗ ಗೋಡೆಯಷ್ಟು ಅಗಲ, ಎತ್ತರ. ವೇಗವನ್ನು ಗಂಟೆಗೆ 80 ಕಿ.ಮೀ.ನಿಂದ 105ಕ್ಕೆ ಏರಿಸಿದರೆ ಗಾಳಿಯನ್ನು ಸೀಳಲು ಬೇಕಾದ ಅಶ್ವಶಕ್ತಿ ಎರಡು ಪಟ್ಟು ಮೀರುತ್ತದೆ. ಬೆಟ್ಟದ ಸೀಮೆಯಲ್ಲಿ ತೆಳುಗಾಳಿಯ ತೊಂದರೆಯೂ ಸೇರುತ್ತದೆ. ಟರ್ಬೋ ಇಲ್ಲದ ಎಂಜಿನ್ ಪ್ರತಿ 300 ಮೀಟರ್ ಏರಿಗೆ ಸುಮಾರು ಶೇ. 3ರಷ್ಟು ಶಕ್ತಿ ಕಳೆದುಕೊಳ್ಳುತ್ತದೆ. ಕೊಲರಾಡೋದ ಐಸೆನ್‌ಹೋವರ್ ಸುರಂಗ 3,400 ಮೀಟರ್ ಎತ್ತರದಲ್ಲಿದೆ. ಅಲ್ಲಿಗೆ ತಲುಪುವಾಗ ಇಂಥ ಎಂಜಿನ್ನಿನ ಶಕ್ತಿಯಲ್ಲಿ ಹೆಚ್ಚುಕಡಿಮೆ ಮೂರನೇ ಒಂದು ಭಾಗ ಇರುವುದೇ ಇಲ್ಲ. ಟರ್ಬೋ ಎಂಜಿನ್‌ಗೆ ಈ ನಷ್ಟ ಬಹಳ ಕಡಿಮೆ. ವಿದ್ಯುತ್ ಪಿಕಪ್‌ಗಳಿಗೆ ಎಳೆಯುವ ಬಲ ಧಾರಾಳವಾಗಿದೆ, ಆದರೆ ದೊಡ್ಡ ಟ್ರೇಲರ್ ಸಿಕ್ಕಿಸಿದರೆ ಒಂದು ಚಾರ್ಜಿಗೆ ಹೋಗುವ ದೂರ ಅರ್ಧಕ್ಕೆ ಇಳಿಯುತ್ತದೆ.

ಲೋಡು ತುಂಬಿದ ಟ್ರೇಲರ್ ಮೂರು ಟನ್ ದಾಟುವುದಾದರೆ ‘ಮುಕ್ಕಾಲು ಟನ್’ ಎಂದು ಕರೆಯುವ, ಹೆಚ್ಚು ಹೊರಬಲ್ಲ ವರ್ಗದ ಎಫ್-250, ರ್‍ಯಾಮ್ 2500ರಂಥ ಪಿಕಪ್ ಕೊಳ್ಳುವುದೇ ಲೇಸು. ಅವುಗಳಲ್ಲೂ ಎಚ್ಚರ ಬೇಕು. ಡೀಸೆಲ್ ಎಂಜಿನ್ ಎಳೆಯುವ ಬಲ ಹೆಚ್ಚಿಸುತ್ತದೆ, ಆದರೆ ತಾನೇ ನೂರಾರು ಕಿಲೋ ಹೆಚ್ಚು ತೂಗಿ ಪೇಲೋಡ್ ತಗ್ಗಿಸುತ್ತದೆ.

ಟ್ರೇಲರಿನ ಖಾಲಿ ತೂಕವನ್ನು ಲೆಕ್ಕಕ್ಕೆ ಹಿಡಿಯಬಾರದು. ಟ್ಯಾಂಕಿಗೆ 150 ಲೀಟರ್ ನೀರು ತುಂಬಿದರೆ ಅದೊಂದೇ 150 ಕಿಲೋ. ಟ್ರೇಲರಿನ ಮೇಲೆ ನಮೂದಿಸಿದ ಗರಿಷ್ಠ ತೂಕವನ್ನೇ ಹಿಡಿದು ಪಿಕಪ್ ಆರಿಸಬೇಕು. ಮೊದಲ ಪ್ರಯಾಣದ ದಿನ ಮನೆಮಂದಿ, ಸಾಮಾನು, ಟ್ರೇಲರ್ ಸಮೇತ ಹೆದ್ದಾರಿ ಬದಿಯ ತೂಕದ ಸೇತುವೆಗೆ ಗಾಡಿ ಒಯ್ದು, ಮುಂಚಕ್ರ, ಹಿಂಚಕ್ರ, ಟ್ರೇಲರ್ ಚಕ್ರಗಳ ಮೇಲಿನ ಭಾರವನ್ನು ಬೇರೆಬೇರೆಯಾಗಿ ತೂಗಿಸಿಯೇ ಮುಂದೆ ಹೊರಡಬೇಕು.